ಅಧ್ಯಕ್ಷರ ಗಾದಿ ಹಿಂಜಿದ್ದು

ನಮ್ಮ ಊರಸಭೆಯ ಅಧ್ಯಕ್ಷ ಕಲ್ಲನಗೌಡರಿಗೆ ಮೂಲವ್ಯಾಧಿ ಇರದೇ ಹೋಗಿದ್ದರೆ ಇದರಲ್ಲಿ ಯಾವುದೂ ನಡೆಯುತ್ತಿರಲಿಲ್ಲ. ಅವರಿಗಿಂತ ಮೊದಲಿನ ಅಧ್ಯಕ್ಷರೆಲ್ಲ ಕಟ್ಟಿಗೆಯ ಕುರ್ಚಿಯ ಮೇಲೆ ಕೂತು ಆಳಿ, ಕಟ್ಟಿಗೆಯ ಕುರ್ಚಿಯಿಂದಲೇ ಎದ್ದು ಹೋದವರು. ಗೌಡರು ಮೊದಲ ಸಲ ಗೆದ್ದು ಬಂದ ಮೂರನೇ ದಿನವೇ ಕುರ್ಚಿಗೆ ಒಂದು ಹತ್ತಿಯ ಗಾದಿ ಹೊಲಿಸಿ ಹಾಕಿಸಿಕೊಂಡರು. ಬೇಡಿ ಸಾಹೇಬರೇ ಅಂತ ಸಲಹೆಗಾರರು ಕೈ ಮುಗಿದರಂತೆ. ಕೂರುವವನು ನಾನೋ ನೀವೋ ಅಂತ ಗೌಡರು ಕೇಳಿದರಂತೆ. ಅಲ್ಲಿಗೆ ಅದು ಮುಗಿಯಿತು.

ಸಲಹೆಗಾರರು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮೂರಲ್ಲಿ ಹತ್ತಿಯ ಮೇಲೆ ಕೂತು ಆಡಿದ ಮಾತು, ಅದರ ಪಕ್ಕದಲ್ಲಿ ನಿಂತು ಆಡಿದ ಮಾತು ಕೂಡ, ಹತ್ತಿಯೊಳಗೆ ಇಳಿಯುತ್ತದೆ. ಹಿಂಜಿದ ದಿನ ಆಡಿದವರ ದನಿಯಲ್ಲೇ ಹೊರಗೆ ಬರುತ್ತದೆ. ಕಡೆಗೆ ಆಡಿದ್ದು ಮೊದಲು, ಹಳೆಯದು ಆಮೇಲೆ. ಒಂದೇ ಸಲ ಬರುತ್ತದೆ, ಮತ್ತೆ ಆ ಹತ್ತಿ ಮೂಕಾಗುತ್ತದೆ. ಹಿಂಜುವವನು ನಾನು, ಮೌಲಾಸಾಬ. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಹತ್ತಿ ಹಿಂಜುವ ಕಮಾನಿನ ಹಿಂದೆ ಕೂತವನು, ಐವತ್ತೆಂಟು ವರ್ಷದಿಂದ ಅಲ್ಲಿಯೇ ಕೂತಿದ್ದೇನೆ.

ಜನ ಇದಕ್ಕೆ ಹೊಂದಿಕೊಂಡೇ ಬದುಕುತ್ತಾರೆ. ಗಂಡ ಹೆಂಡತಿ ಜಗಳಾಡುವುದಿದ್ದರೆ ಮಂಚದಿಂದ ಇಳಿದು ಹಿತ್ತಲಿಗೆ ಹೋಗುತ್ತಾರೆ. ಮದುವೆಯ ಮಾತುಕತೆಯನ್ನು ಮಾತ್ರ ಬೇಕೆಂದೇ ಗಾದಿ ಹಾಸಿ ಅದರ ಮೇಲೆ ಆಡುತ್ತಾರೆ, ನಾಳೆ ಬೀಗರು ಉಲ್ಟಾ ಹೊಡೆಯಬಾರದಲ್ಲ. ಮನೆಯ ಹಿರಿಯರು ತೀರಿಕೊಂಡರೆ ಅವರ ಗಾದಿಯನ್ನು ತಂದು, ಎಲ್ಲರೂ ಸುತ್ತಲೂ ಕೂತು, ಹಿಂಜಿಸಿ, ಒಂದು ಸಲ ಕೇಳಿಕೊಂಡು ಹೋಗುತ್ತಾರೆ. ಯಾರ ಮನೆಯ ಗಾದಿ ಬಂದರೂ ಒಲ್ಲೆ ಅನ್ನುವಂತಿಲ್ಲ, ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ. ನನ್ನ ಕಸುಬಿನಲ್ಲಿ ಇರುವ ಕಟ್ಟಳೆ ಇವೆರಡೇ. ನನ್ನ ಹೆಂಡತಿ ಕೊನೆಗಾಲದಲ್ಲಿ ಕೂಡ ಪಕ್ಕದ ಮನೆಯ ಗಾದಿ ಏನು ಹೇಳಿತು ಅಂತ ಕೇಳಿದಳು. ಆಕೆಗೂ ಹೇಳಲಿಲ್ಲ.

ಗೌಡರು ಎರಡನೇ ಸಲ ಚುನಾವಣೆಗೆ ನಿಂತಾಗ ಊರಿನ ಮೂರು ಓಣಿಗಳು ಅವರ ವಿರುದ್ಧ ಇದ್ದವು: ಕುಂಬಾರ ಓಣಿ, ಬಾವಿ ಓಣಿ ಮತ್ತು ನಮ್ಮ ಓಣಿ. ನಮ್ಮಲ್ಲಿ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ, ಬಂದರೆ ಎರಡು ತಾಸು. ಮತದಾನದ ದಿನ ನಮ್ಮ ಮೂರೂ ಓಣಿಗಳಿಗೆ ಪಾಳಿ ಇರಲಿಲ್ಲ. ಆದರೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನೀರು ಬಂತು. ಒಂಬತ್ತಾಯಿತು, ಹನ್ನೊಂದಾಯಿತು, ನೀರು ನಿಲ್ಲಲಿಲ್ಲ. ಕೊಡ ತುಂಬಿದವು, ಹಂಡೆ ತುಂಬಿದವು, ನೀರಿನ ತೊಟ್ಟಿ ತುಂಬಿತು, ಹಳೆಯ ನೀರನ್ನು ಚೆಲ್ಲಿ ಮತ್ತೆ ತುಂಬಿದರು. ನಮ್ಮೂರಿನ ಹೆಂಗಸು ನೀರು ಬಂದರೆ ಮದುವೆಯ ಅಕ್ಕಿಕಾಳನ್ನು ಕೈಯಲ್ಲಿ ಹಿಡಿದವಳೂ ಇಳಿಸಿ ಬರುತ್ತಾಳೆ. ಗಂಡಸರು ಹೊರುವುದಕ್ಕೆ ನಿಂತರು. ನಾನೂ ಮತ ಹಾಕಲಿಲ್ಲ, ಸುಳ್ಳು ಯಾಕೆ ಹೇಳಲಿ, ಪಿಪಾಯಿ ತುಂಬಿಸುತ್ತಿದ್ದೆ. ಸಂಜೆ ಐದಕ್ಕೆ ಮತದಾನ ಮುಗಿಯಿತು, ಐದೂ ಐದಕ್ಕೆ ನೀರು ನಿಂತಿತು. ಗೌಡರು ಮೂವತ್ತೊಂದು ಮತದಿಂದ ಗೆದ್ದರು.

ಮೊದಲ ವಾರ ಜನ ಖುಷಿಯಾಗಿದ್ದರು. ಬಟ್ಟೆ ಒಗೆದರು, ರಗ್ಗು ಒಗೆದರು, ಎಮ್ಮೆ ತೊಳೆದರು. ತೊಳೆಯಲು ಏನೂ ಉಳಿಯದೇ ಇದ್ದಾಗ ಕೂತು ಯೋಚನೆ ಮಾಡಿದರು, ಆಗ ತಿಳಿಯಿತು. ಗದ್ದಲವಾಯಿತು. ಸಭೆಯವರು ಐದು ಜನರ ತನಿಖಾ ಸಮಿತಿ ಮಾಡಿದರು. ಅದಕ್ಕೆ ಹಿರಿಯರು ಕಾಶಿಬಾಯಿ ಅಕ್ಕೋರು. ಅಧ್ಯಕ್ಷರನ್ನೂ ಹಿಡಿದು ಅರ್ಧ ಸಭೆಗೆ ಮಗ್ಗಿ ಕಲಿಸಿದವರು ಅವರೇ.

ನೀರು ಬಿಡುವವನು ದುಂಡಪ್ಪ. ಅವನು ಸಮಿತಿಯ ಮುಂದೆ, ಅಧ್ಯಕ್ಷರು ಕೋಣೆಗೆ ಕರೆದು ಹೇಳಿದರು, ಅದಕ್ಕೇ ಬಿಟ್ಟೆ ಅಂದ. ಅಧ್ಯಕ್ಷರು, ನಾನು ಕರೆದೇ ಇಲ್ಲ, ಅವನಿಗೆ ಅವತ್ತು ತಲೆ ಕೆಟ್ಟಿರಬೇಕು ಅಂದರು. ಒಂದು ಕಡೆ ಅಧ್ಯಕ್ಷರ ಮಾತು, ಇನ್ನೊಂದು ಕಡೆ ನೀರಿನವನ ಮಾತು. ಪೊಲೀಸರು ಯಾರನ್ನು ಒಳಗೆ ಹಾಕುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಅವನದೇ ಅಂತ ತೀರ್ಮಾನವಾದರೆ ಎರಡು ವರ್ಷ ಜೈಲು, ಕೆಲಸ ಹೋಗುತ್ತದೆ, ನೀರಿನ ಟಾಕಿಯ ಕೆಳಗೆ ಅವನಿರುವ ಸರಕಾರಿ ಮನೆಯನ್ನು ಖಾಲಿ ಮಾಡಬೇಕು. ಮನೆಯಲ್ಲಿ ಹೆಂಡತಿ ರಾಚವ್ವ, ನಾಲ್ಕು ಹೆಣ್ಣುಮಕ್ಕಳು.

ಕಾಶಿಬಾಯಿ ಅಕ್ಕೋರು ಒಂದೇ ಸಾಲಿನ ಕಾಗದ ಬರೆದರು: ಅಧ್ಯಕ್ಷರ ಕುರ್ಚಿಯ ಗಾದಿಯನ್ನು ಹಿಂಜುವುದಕ್ಕೆ ಕೊಡಿ.

ಅಧ್ಯಕ್ಷರಿಗೆ ಮೂವರು ಸಲಹೆಗಾರರು. ವಕೀಲ ವೆಂಕೋಬರಾಯರು ಕಾನೂನು ಹೇಳುವವರು. ಮಲ್ಲೇಶಿ ಓಡಾಡುವವನು. ಮೂರನೆಯವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಅವನು ಬರೀ ತಲೆ ಆಡಿಸುವವನು. ವೆಂಕೋಬರಾಯರು ಸಭೆಯಲ್ಲಿ ಎದ್ದು ನಿಂತು ಪೀಠದ ಹಕ್ಕು ಅನ್ನುವುದೊಂದನ್ನು ಹೊರಗೆ ತೆಗೆದರು. ಅಧ್ಯಕ್ಷರು ತಮ್ಮ ಕೋಣೆಯಲ್ಲಿ ಆಡಿದ ಮಾತು ಪೀಠದ ಮಾತು, ಅದನ್ನು ಊರು ಕೇಳತೊಡಗಿದರೆ ನಾಳೆ ಯಾವ ಅಧ್ಯಕ್ಷರೂ ಬಾಯಿ ಬಿಟ್ಟು ಸಲಹೆ ಕೇಳಲಾರರು, ಊರು ಮುಳುಗುತ್ತದೆ ಅಂದರು. ನೀರಿಲ್ಲದ ಊರು ಮುಳುಗುವುದು ಹೇಗೆ ಅಂತ ಹಿಂದಿನಿಂದ ಯಾರೋ ಕೇಳಿದರು. ವಕೀಲರು ಕೇಳಿಸದವರ ಹಾಗೆ, ಅಧ್ಯಕ್ಷರು ಕೂತಿರುವಷ್ಟು ಹೊತ್ತು ಅವರ ಕೆಳಗಿನ ಗಾದಿ ಅವರ ಮೈಯ ಭಾಗ ಅಂತ ಲೆಕ್ಕ, ಅದನ್ನು ಮುಟ್ಟಿದರೆ ಅಧ್ಯಕ್ಷರ ಮೈಮೇಲೆ ಕೈ ಹಾಕಿದಂತೆ ಅಂದರು. ಎದ್ದಾಗ ಏನು ಅಂತ ಅಕ್ಕೋರು ಕೇಳಿದರು. ಗಾದಿಯನ್ನು ಕೊಂಡದ್ದು ಊರಿನ ಹಣದಿಂದ, ಅಧ್ಯಕ್ಷರ ಸ್ವಂತದ್ದು ಅಂದರೆ ಅದೇ ಇನ್ನೊಂದು ಹಗರಣ. ವಕೀಲರು, ಎದ್ದಾಗ ಅದು ಊರಿನ ಸಾಮಾನು ಅಂದರು. ಕೈ ಎತ್ತಿಸಿ ಠರಾವು ಮಾಡಿದರು.

ಆ ಠರಾವಿನಿಂದ ಗೌಡರ ಪಾಡು ಹಾಳಾಯಿತು. ಎದ್ದರೆ ಗಾದಿ ಹೋಗುತ್ತದೆ, ಏಳದೇ ಇದ್ದರೆ ಹೊಟ್ಟೆಯದು ಹೇಗೆ? ಸಮಿತಿಯ ಜವಾನ ಬಾಗಿಲಲ್ಲೇ ಕಾಯುತ್ತಿದ್ದ. ಎರಡು ದಿನ ಗೌಡರು ಗಾದಿಯನ್ನು ಹಿಂದಕ್ಕೆ ಕಟ್ಟಿಕೊಂಡು ಓಡಾಡಿದರು ಅಂತ ಜನ ಹೇಳಿದರು. ನಾನು ಕಣ್ಣಾರೆ ನೋಡಲಿಲ್ಲ, ಆದರೆ ನೋಡಿದವರು ಬಹಳ ಜನ.

ಮೂರನೇ ದಿನ ಮಟಮಟ ಮಧ್ಯಾಹ್ನ, ಜವಾನ ಊಟಕ್ಕೆ ಹೋದ ಹೊತ್ತಿನಲ್ಲಿ, ಮಲ್ಲೇಶಿ ಗೋಣಿಚೀಲದಲ್ಲಿ ಗಾದಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ. ಹಿಂದೆ ವಕೀಲರು, ಅವರ ಹಿಂದೆ ತಲೆ ಆಡಿಸುವವನು. ಲಗೂ ಹಿಂಜಿಕೊಡು, ಅದೇ ಹತ್ತಿ ತುಂಬಿ ಅದೇ ಬಟ್ಟೆ ಹೊಲಿ ಅಂದ ಮಲ್ಲೇಶಿ. ಕೂತು ಕೇಳ್ತೀರೇನು ಅಂತ ಕೇಳಿದೆ. ವಕೀಲರು ಎರಡು ಹೆಜ್ಜೆ ಹಿಂದೆ ಸರಿದರು. ಕೇಳಿದರೆ ನಾಳೆ ಸಾಕ್ಷಿ ಹೇಳಬೇಕಾಗುತ್ತದಲ್ಲ. ಮೂವರೂ ಎದುರಿನ ಚಹಾದ ಅಂಗಡಿಯಲ್ಲಿ ನಿಂತು, ರೇಡಿಯೊ ಜೋರು ಮಾಡಿಸಿ, ಕಿವಿಯಲ್ಲಿ ಬೆರಳಿಟ್ಟುಕೊಂಡರು.

ಬಂದ ಗಾದಿಯನ್ನು ಒಲ್ಲೆ ಅನ್ನಲಾಗದು. ಹಿಂಜಿದೆ. ಒಂದು ತಾಸು ಹಿಡಿಯಿತು. ಎಲ್ಲ ಕೇಳಿದೆ. ಕಮಾನು ಕೆಳಗಿಟ್ಟು, ಹತ್ತಿ ತುಂಬಿ, ಹೊಲಿದು, ರಸ್ತೆ ದಾಟಿ ಹೋಗಿ ಮಲ್ಲೇಶಿಯ ಭುಜ ತಟ್ಟಿದೆ. ಕಿವಿಯಿಂದ ಬೆರಳು ತೆಗೆದು, ಮುಗೀತೇನು ಅಂದ. ಮುಗೀತು ಅಂದೆ.

ಮರುದಿನ ಅಧ್ಯಕ್ಷರ ಪ್ರಕಟಣೆ ಬಂತು. ಹಕ್ಕು ಹಕ್ಕೇ, ಆದರೆ ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲವಾದ್ದರಿಂದ ದೊಡ್ಡ ಮನಸ್ಸು ಮಾಡಿ ಗಾದಿಯನ್ನು ಸಮಿತಿಗೆ ಒಪ್ಪಿಸುತ್ತಿದ್ದೇವೆ ಅಂತ. ಗಾದಿಗೆ ಮೊಹರು ಹಾಕಿ ಕಪಾಟಿನಲ್ಲಿಟ್ಟರು. ವಿಚಾರಣೆಯ ದಿನಾಂಕ ಹತ್ತೊಂಬತ್ತು ದಿನ ಮುಂದಕ್ಕೆ ಹೋಯಿತು. ಗೌಡರಿಗೆ ಕೂರಲು ಬೇರೆ ಗಾದಿ ಬೇಕಲ್ಲ, ಅದನ್ನೂ ನನ್ನ ಹತ್ತಿರವೇ ಹೊಲಿಸಿದರು.

ದುಂಡಪ್ಪ ಒಳಗಿದ್ದ ಆ ದಿನಗಳಲ್ಲಿ ನೀರಿನ ಕೆಲಸಕ್ಕೆ ಬೇರೆಯವನನ್ನು ಹಾಕಿದ್ದರು. ಯಾವ ಚಾವಿ ತಿರುಗಿಸಿದರೆ ಯಾವ ಓಣಿಗೆ ನೀರು ಅನ್ನುವುದು ದುಂಡಪ್ಪನೊಬ್ಬನ ತಲೆಯಲ್ಲಿತ್ತು. ಹೊಸಬ ಒಂದನ್ನು ತಿರುಗಿಸಿದರೆ ಪೊಲೀಸ್ ಠಾಣೆಯ ಅಂಗಳದಲ್ಲಿ ನೀರು ಚಿಮ್ಮಿತು. ಅದನ್ನು ಕೇಳಿ ದುಂಡಪ್ಪ ಲಾಕಪ್ಪಿನ ಒಳಗಿನಿಂದಲೇ, ಎರಡು ಸುತ್ತು ಹಿಂದಕ್ಕೆ ತಿರುಗಿಸು ಅಂತ ಕೂಗಿ ಹೇಳಿದನಂತೆ.

ಹನ್ನೆರಡನೇ ದಿನಕ್ಕೋ ಹದಿಮೂರನೇ ದಿನಕ್ಕೋ ರಾಚವ್ವ ನನ್ನ ಅಂಗಡಿಯ ಮುಂದೆ ಬಂದು ನಿಂತಳು. ಒಳಗೆ ಬರಲಿಲ್ಲ.

"ಅಣ್ಣಾ, ಮಲ್ಲೇಶಿ ಗೋಣಿಚೀಲ ಹೊತ್ತುಕೊಂಡು ಬಂದಿದ್ದನ್ನ ಚಹಾದ ಅಂಗಡಿಯವರು ನೋಡ್ಯಾರ. ನಿನಗ ಗೊತ್ತೈತಿ ಅಂತ ನನಗ ಗೊತ್ತೈತಿ."

ನಾನು ಕಮಾನಿನ ತಂತಿ ಬಿಗಿಯುತ್ತಿದ್ದೆ, ಬಿಗಿಯುತ್ತಲೇ ಇದ್ದೆ. ಅವಳು ತಿರುಗಿ ಹೋದಳು. ಆಮೇಲೆ ನೋಡಿದರೆ ತಂತಿಯನ್ನು ಎಷ್ಟು ಬಿಗಿದಿದ್ದೆ ಅಂದರೆ, ಒಂದೇ ಏಟಿಗೆ ಹರಿಯಿತು.

ವಿಚಾರಣೆಯ ದಿನ ಸಭಾಭವನ ತುಂಬಿತ್ತು. ಗೌಡರು ಎತ್ತರದ ಕುರ್ಚಿಯ ಮೇಲೆ ಹೊಸ ಗಾದಿ ಹಾಕಿಕೊಂಡು ಕೂತಿದ್ದರು. ದುಂಡಪ್ಪನನ್ನು ಇಬ್ಬರು ಪೊಲೀಸರ ನಡುವೆ ನಿಲ್ಲಿಸಿದ್ದರು. ನನಗೆ ನಡುವೆ ಜಮಖಾನೆ ಹಾಸಿ ಜಾಗ ಕೊಟ್ಟರು. ಮೊಹರು ಒಡೆದು ಹಳೆಯ ಗಾದಿ ಬಿಚ್ಚಿದರು, ಹಿಂಜಿದೆ. ಕಮಾನಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಮುಗಿಯುವವರೆಗೂ ಬರಲಿಲ್ಲ. ವೆಂಕೋಬರಾಯರು ನೋಡಿದಿರಾ ಅನ್ನುವಂತೆ ಎರಡೂ ಕೈ ಅಗಲಿಸಿದರು.

ಕಾಶಿಬಾಯಿ ಅಕ್ಕೋರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಐದು ವರ್ಷ ಕೂತ ಗಾದಿ. ಒಂದು ಕೆಮ್ಮು ಇಲ್ಲ, ಒಂದು ಆಕಳಿಕೆ ಇಲ್ಲ. ಮೌಲಾಸಾಬ, ಇದನ್ನ ಮೊದಲಽ ಹಿಂಜೀಯೇನು?"

"ಅಂಗಡಿಗೆ ಬಂದದ್ದು ಹೋದದ್ದು ನಾ ಹೇಳೂದಿಲ್ರಿ ಅಕ್ಕೋರ."

ಆಣೆ ಇಟ್ಟು ಕೇಳಿದರೆ ಅಂದರು. ಆಗಲೂ ಹೇಳುವುದಿಲ್ಲ ಅಂದೆ. ಒಳಗೆ ಹಾಕಿದರೆ ಅಂದರು. ದುಂಡಪ್ಪನ ಪಕ್ಕ ಜಾಗ ಇರಬಹುದು ಅಂದೆ. ಜನ ನನ್ನನ್ನು ಬೈಯತೊಡಗಿದರು. ಅಧ್ಯಕ್ಷರದೊಂದು ಹಕ್ಕು, ಈ ಗಾದಿಯವನದೊಂದು ಹಕ್ಕು ಅಂತ ಒಬ್ಬ ಅಂದ. ಗೌಡರು ಮೊದಲ ಸಲ ನನ್ನ ಕಡೆ ಪ್ರೀತಿಯಿಂದ ನೋಡಿದರು. ರಾಚವ್ವ ಹೆಂಗಸರ ಸಾಲಿನಲ್ಲಿ ಕೂತಿದ್ದಳು, ಚಿಕ್ಕ ಮಗಳು ತೊಡೆಯ ಮೇಲೆ ಮಲಗಿದ್ದಳು. ಅವಳು ಬೈಯಲಿಲ್ಲ. ಬೈದಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ.

ನಾನು ಕಮಾನನ್ನು ಸರಿ ಮಾಡಿಕೊಳ್ಳುತ್ತ ಅಂದೆ: "ಹಿಂಜಿದ ಹತ್ತಿ ಹಿಂಜಿದರ ಏನ ಬರ್ತದರಿ? ಹಿಂಜಲಾರದ್ದು ಅಲ್ಲೈತಿ."

ಗದ್ದದಿಂದ ಗೌಡರ ಕುರ್ಚಿಯ ಕಡೆ ತೋರಿಸಿದೆ.

ಗೌಡರ ಮುಖ ನೋಡಬೇಕಿತ್ತು. ಹಳೆಯ ಗಾದಿಯ ಸಂಕಟ ಕಳೆದ ಖುಷಿಯಲ್ಲಿ ಇವರು ಹತ್ತೊಂಬತ್ತು ದಿನ ಹೊಸದರ ಮೇಲೆ ಕೂತು, ಪಕ್ಕದಲ್ಲಿ ನಿಂತು, ಬಾಯಿಗೆ ಬಂದದ್ದೆಲ್ಲ ಆಡಿದ್ದರು. ವೆಂಕೋಬರಾಯರು ಹಾರಿ ಎದ್ದರು. ಪೀಠದ ಹಕ್ಕು, ಅಧ್ಯಕ್ಷರು ಕೂತಿದ್ದಾರೆ, ಕೂತಿರುವಷ್ಟು ಹೊತ್ತು ಅದು ಅವರ ಮೈ, ಠರಾವು ಇದೆ ಅಂತ ಕಿರುಚಿದರು. ಓಡಿ ಹೋಗಿ ಗೌಡರ ಕಿವಿಯಲ್ಲಿ ಏನೋ ಅಂದರು. ಗೌಡರು ಎರಡೂ ಕೈಯಿಂದ ಕುರ್ಚಿಯನ್ನು ಹಿಡಿದುಕೊಂಡರು.

ಸರಿ, ಸಾಹೇಬರು ಕೂತೇ ಇರಲಿ ಅಂದರು ಅಕ್ಕೋರು. ಆಮೇಲೆ ಎದ್ದು ನಿಂತು, ಕಂಠ ಸರಿಮಾಡಿಕೊಂಡು, ಊರ ಹಾಡನ್ನು ಶುರು ಮಾಡಿದರು.

ನಮ್ಮ ಊರ ಹಾಡನ್ನು ಕೂತು ಕೇಳಿದ ಅಧ್ಯಕ್ಷ ಅಧ್ಯಕ್ಷನಾಗಿ ಉಳಿಯುವುದಿಲ್ಲ. ಅದು ಠರಾವಿಗಿಂತ ಹಳೆಯದು, ಗೋಡೆಯ ಮೇಲೆ ಕಲ್ಲಿನಲ್ಲಿ ಕೆತ್ತಿದ್ದು. ಸಭೆಯೆಲ್ಲ ಎದ್ದಿತು. ಪೊಲೀಸರು ಎದೆ ಸೆಟೆಸಿ ನಿಂತರು. ದುಂಡಪ್ಪನೂ ಹಾಡಿದ. ಗೌಡರು ಮೊದಲ ಸಾಲಿನವರೆಗೂ ಕೂತಿದ್ದರು, ವಕೀಲರ ಮುಖ ನೋಡಿದರು, ವಕೀಲರು ಎದ್ದು ನಿಂತು ಹಾಡುತ್ತಿದ್ದರು. ಗೌಡರು ಎದ್ದರು. ಸಮಿತಿಯ ಜವಾನ ಹಿಂದಿನಿಂದ ಬಂದು ಗಾದಿ ಎಳೆದುಕೊಂಡ. ನಾವು ಯಾವಾಗಲೂ ಒಂದೇ ಚರಣ ಹಾಡುವುದು. ಅವತ್ತು ಅಕ್ಕೋರು ಹನ್ನೊಂದೂ ಚರಣ ಹಾಡಿಸಿದರು, ಅಷ್ಟರಲ್ಲಿ ನಾನು ಹೊಲಿಗೆ ಬಿಚ್ಚಿ ಹತ್ತಿ ಹರವಿಕೊಂಡಿದ್ದೆ. ನಿಂತುಕೊಂಡೇ ಹರವಿದೆ, ಅದನ್ನೂ ಹೇಳಬೇಕು.

ಮೊದಲು ಬಂದದ್ದು ವಕೀಲರ ಪಿಸುಮಾತು, ಅರ್ಧ ತಾಸಿನ ಹಿಂದಿನದು. "ಏಳಬ್ಯಾಡ್ರಿ ಸಾಹೇಬ್ರ. ಏನಾದರೂ ಆಗಲಿ, ಕಾಲು ಜೋಮು ಹಿಡದಾವ ಅನ್ರಿ." ಸಭೆ ನಕ್ಕಿತು. ಆಮೇಲೆ ಗೌಡರ ನರಳಾಟ, ಅದು ಬಹಳ ಇತ್ತು. ಆಮೇಲೆ ಮಲ್ಲೇಶಿ ಯಾರಿಗೋ ನಗುತ್ತ ಹೇಳಿದ್ದು: ಆ ಮುದುಕನ ಚಿಂತೆ ಬಿಡಿ, ಅವನಿಗೆ ಹೇಳುವುದೂ ಒಂದೇ ಗೋರಿಗೆ ಹೇಳುವುದೂ ಒಂದೇ. ಯಾರೂ ನಗಲಿಲ್ಲ, ಎಲ್ಲರೂ ನನ್ನನ್ನು ನೋಡಿದರು. ನಾನು ಹತ್ತಿಯನ್ನು ನೋಡಿದೆ. ಆಮೇಲೆ ವಕೀಲರು ದುಂಡಪ್ಪನ ಲೆಕ್ಕ ಬಿಡಿಸಿದ್ದು: ನಾಲ್ಕು ಹೆಣ್ಣುಮಕ್ಕಳಿರುವವನು, ಮನೆ ಬಿಡಿಸುವುದಿಲ್ಲ ಅಂತ ಆಸೆ ತೋರಿಸಿದರೆ ತಾನೇ ಮಾಡಿದೆ ಅಂತ ಬರೆದುಕೊಡುತ್ತಾನೆ, ಎರಡು ವರ್ಷ ಕಳೆದ ಮೇಲೆ ಯಾರಿಗೆ ನೆನಪು ಅಂತ. ತಲೆ ಆಡಿಸುವವನದು ಒಂದು ಶಬ್ದವೂ ಬರಲಿಲ್ಲ. ತಲೆ ಆಡಿಸಿದ್ದು ಹತ್ತಿಗೆ ಇಳಿಯುವುದಿಲ್ಲ. ಅವನು ಇವತ್ತಿಗೂ ಸಲಹೆಗಾರನಾಗಿಯೇ ಇದ್ದಾನೆ, ಅಧ್ಯಕ್ಷರು ಮಾತ್ರ ಬೇರೆ.

ಅಡಿಯ ಹತ್ತಿ ಬಂತು. ಅದರಲ್ಲಿ ಗೌಡರ ದನಿ ಮಾತ್ರ ಇತ್ತು. ಕೋಣೆಯಲ್ಲಿ ಒಬ್ಬರೇ ಕೂತು ಆಡಿಕೊಂಡದ್ದು.

"ಮೂರು ಸಲ ಬ್ಯಾಡ ಅಂದ. ಕಾಲು ಹಿಡಕೊಂಡ. ಹೆಣ್ಣಮಕ್ಕಳು ನಳಾ ಬಿಟ್ಟು ಬರೂದಿಲ್ರಿ, ಓಟಿನ ದಿನ ಬ್ಯಾಡ್ರಿ ಅಂದ. ನಾನಽ ಅವನ ಕೈಯಾಗ ಚಾವಿ ಇಟ್ನಿ. ಬಿಡಲಿಲ್ಲಂದ್ರ ಮನಿ ಬಿಡು ಅಂದ್ನಿ."

ಹಳೆಯ ಗಾದಿಯಲ್ಲಿ ನಾನು ಕೇಳಿದ್ದು ಅದನ್ನೇ. ದುಂಡಪ್ಪನ ದನಿಯಲ್ಲಿ, ಮೂರು ಸಲ. ಈಗ ಗೌಡರ ಬಾಯಿಯಿಂದಲೇ ಬಂದ ಮೇಲೆ ಇಷ್ಟು ಹೇಳಿದರೆ ತಪ್ಪಿಲ್ಲ ಅಂದುಕೊಂಡಿದ್ದೇನೆ. ಗೌಡರು ನಿಂತೇ ಇದ್ದರು. ಗಾದಿ ಇಲ್ಲದ ಕುರ್ಚಿಯ ಮೇಲೆ ಕೂರಲು ಅವರಿಂದ ಆಗುತ್ತಿರಲಿಲ್ಲ. ಆ ಮಾತು ತಮ್ಮದಲ್ಲ ಅಂತ ಅವರು ಹೇಳಬಹುದಿತ್ತು, ವಕೀಲರು ಸನ್ನೆ ಮಾಡುತ್ತಲೇ ಇದ್ದರು. ಹೇಳಲಿಲ್ಲ. ಮೂರು ದಿನದ ಮೇಲೆ ರಾಜೀನಾಮೆ ಕೊಟ್ಟರು, ಅನಾರೋಗ್ಯದ ಕಾರಣ ಅಂತ ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ದುಂಡಪ್ಪನನ್ನು ಅಲ್ಲಿಯೇ ಬಿಟ್ಟರು. ಜನ ಅವನನ್ನು ಹೊತ್ತುಕೊಂಡು ಹೋದರು. ನನಗೂ ಒಬ್ಬಿಬ್ಬರು ಶಾಲು ಹೊದಿಸಬೇಕು ಅಂದರು, ನಾನು ಹತ್ತಿ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದೆ.

ಎಂಟು ದಿನದ ಮೇಲೆ ದುಂಡಪ್ಪ ತನ್ನ ಮನೆಯ ಗಾದಿಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದ. ನನ್ನ ಮುಂದೆ ಇಳಿಸಿ, ಹಿಂಜು, ನಾನು ಇಲ್ಲೇ ಕೂರ್ತೀನಿ ಅಂದ. ಮನೆಯವರು ಕೂತು ಕೇಳುವುದು ಇದ್ದದ್ದೇ. ಹಿಂಜತೊಡಗಿದೆ. ಮೇಲೆ ಈ ವಾರದ ನಗೆ, ಮಕ್ಕಳ ಗಲಾಟೆ. ಆಮೇಲೆ ಅವನು ಒಳಗಿದ್ದ ದಿನಗಳು ಬಂದವು. ಚಿಕ್ಕ ಮಗಳು ಅಪ್ಪ ಯಾವಾಗ ಬರುತ್ತಾನೆ ಅಂತ ಕೇಳುವುದು, ದೊಡ್ಡವಳು ಗದರುವುದು. ಆಮೇಲೆ ರಾಚವ್ವ.

"ಆ ಮೌಲಾಸಾಬಗ ಎಲ್ಲಾ ಗೊತ್ತೈತಿ. ಗೊತ್ತಿದ್ದೂ ರೊಟ್ಟಿ ತಿಂದು ನಿದ್ದಿ ಮಾಡತಾನ."

ನನ್ನ ಕೈ ನಿಲ್ಲಲಿಲ್ಲ, ನಿಲ್ಲಿಸಬಾರದು, ನಿಂತರೆ ಹತ್ತಿ ಗಂಟು ಕಟ್ಟುತ್ತದೆ. ಕೊನೆಯ ಹಿಡಿಯವರೆಗೂ ಹಿಂಜಿ ಕಮಾನು ಕೆಳಗಿಟ್ಟೆ. ದುಂಡಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಖರೆ ಹೇಳ್ಯಾಳೇನು?"

ನಿದ್ದೆ ಬರಲಿಲ್ಲಪ್ಪ ಅಂತ ಹೇಳಬಹುದಿತ್ತು. ಆದರೆ ಬಂದಿತ್ತು. ಐವತ್ತೆಂಟು ವರ್ಷ ಊರಿನವರದ್ದೆಲ್ಲ ಕೇಳಿಯೂ ಮಲಗಿದವನು ನಾನು, ಆ ಹತ್ತೊಂಬತ್ತು ದಿನವೂ ಮಲಗಿದ್ದೆ.

"ಖರೆ ಹೇಳ್ಯಾಳ" ಅಂದೆ.

ಅವನು ಗೋಣು ಹಾಕಿದ. ಗಾದಿ ಹೊಲಿದು ಕೊಡುವವರೆಗೂ ಕಾದು, ಹೆಗಲಿಗೆ ಹಾಕಿಕೊಂಡು, ನಾಳೆ ಆರಕ್ಕೆ ನಿಮ್ಮ ಓಣಿಗೆ ನೀರು ಅಂತ ಹೇಳಿ ಹೋದ. ಸಿಟ್ಟಿನಿಂದ ಹೇಳಲಿಲ್ಲ. ಎದುರಿಗೆ ಸಿಕ್ಕರೆ ಇವತ್ತಿಗೂ ಕೈ ಎತ್ತಿ ನಮಸ್ಕಾರ ಮಾಡುತ್ತಾನೆ. ಆ ಮನೆಯ ಗಾದಿ ಮಾತ್ರ ಮತ್ತೆ ನನ್ನ ಅಂಗಡಿಗೆ ಬಂದಿಲ್ಲ. ಗಂಡ, ಹೆಂಡತಿ, ಮಕ್ಕಳು ಎಲ್ಲ ಚಾಪೆಯ ಮೇಲೆ ಮಲಗುತ್ತಾರಂತೆ.